ಪೋರ್ಚುಗೀಸರ ನಾಡಿನಲ್ಲಿ ಸಿಗ್ನಲ್ ಕೇಳುವ ಬಗೆ

ಲಿಸ್ಬನ್ ನಗರದಲ್ಲಿ ಇಂಗ್ಲಿಷ್ ಬಲ್ಲ ಪ್ರವಾಸಿಗನಿಗೆ ಹೆಚ್ಚಿನ ತೊಡಕಾಗದು. ಆದರೆ ಪೋರ್ಚುಗಲ್ ದೇಶದ ಒಳನಾಡಿನ ಬೆಟ್ಟದ ಹಳ್ಳಿಗಳ ಮಾತೇ ಬೇರೆ. ಯುವಕರು ಪೇಟೆ ಸೇರಿದ ಅಲ್ಲಿ ಉಳಿದವರಲ್ಲಿ ವೃದ್ಧರೇ ಹೆಚ್ಚು. ಅವರಲ್ಲಿ ಅನೇಕರಿಗೆ ಪೋರ್ಚುಗೀಸ್ ಬಿಟ್ಟು ಬೇರೆ ಭಾಷೆ ತಿಳಿಯದು. ಕಣಿವೆಗೆ ಇಳಿದೊಡನೆ ಮೊಬೈಲ್ ಸಿಗ್ನಲ್ ಕಳೆದುಹೋದರೆ ಕೇಳಬೇಕಾದುದು ಅವರನ್ನೇ.

ಆಗ ನೆರವಾಗುವ ವಾಕ್ಯ ಮೂರೇ ಪದಗಳದು: ‘ಆ ರೆದ್ ಅಕೀ?’ ಅಂದರೆ ‘ಇಲ್ಲಿ ನೆಟ್‌ವರ್ಕ್ ಇದೆಯೇ?’ ‘ರೆದ್’ ಎಂಬುದರ ಮೂಲಾರ್ಥ ಬಲೆ. ಕನ್ನಡದ ‘ಜಾಲ’ ಎಂಬ ಪದವೂ ಬಲೆಯಿಂದಲೇ ಸಂಪರ್ಕಜಾಲಕ್ಕೆ ಬೆಳೆದುದನ್ನು ನೆನೆದರೆ ಈ ಪದ ಮರೆಯದು. ಮೊದಲಿಗೆ ‘ದಿಶ್ಕುಲ್ಪ್’, ಅಂದರೆ ‘ಕ್ಷಮಿಸಿ’ ಎನ್ನುವುದು ಅಲ್ಲಿಯ ಮರ್ಯಾದೆ. ಮೊಬೈಲಿಗೆ ಅವರು ಹೇಳುವುದು ‘ತೆಲೆಮೊವೆಲ್’.

ಇದೇ ಭಾಷೆಯನ್ನಾಡುವ ಬ್ರೆಜಿಲ್ ದೇಶದಲ್ಲಿ ಪದಗಳು ಬದಲಾಗುತ್ತವೆ. ಅಲ್ಲಿ ಮೊಬೈಲ್ ‘ಸೆಲುಲಾರ್’ ಆಗುತ್ತದೆ. ‘ರೆದ್’ ಎಂಬುದು ‘ಹೆಜಿ’ ಎಂದು ಉಚ್ಚಾರವಾಗುವುದಲ್ಲದೆ, ಎರಡು ಕಂಬಗಳ ನಡುವೆ ಕಟ್ಟುವ ತೂಗುಹಾಸಿಗೆಗೂ ಅದೇ ಹೆಸರು. ಅಮೆಜಾನ್ ನದಿಯಲ್ಲಿ ಮನೌಸ್ ಮತ್ತು ಬೆಲೇಂ ನಗರಗಳ ನಡುವೆ ದಿನಗಟ್ಟಲೆ ಸಾಗುವ ದೋಣಿಗಳಲ್ಲಿ ಜನರು ಮಲಗುವುದು ಇಂತಹ ಹಾಸಿಗೆಗಳಲ್ಲಿಯೇ. ಅಲ್ಲಿ ‘ಹೆಜಿ ಇದೆಯೇ?’ ಎಂದು ಕೇಳಿದವನಿಗೆ ಸಿಗ್ನಲಿನ ಬದಲು ಹಾಸಿಗೆ ತೋರಿಸಿದರೆ ತಪ್ಪು ಯಾರದೂ ಅಲ್ಲ. ಆದುದರಿಂದ ಬ್ರೆಜಿಲಿನಲ್ಲಿ ‘ತೇಂ ಸಿನಾವ್ ಅಕೀ?’ ಎಂದು ಸಿಗ್ನಲಿನ ಹೆಸರನ್ನೇ ಹೇಳಿ ಕೇಳುವುದು ಲೇಸು.

ಕೇಳಿದಷ್ಟೇ ಸಾಲದು, ಉತ್ತರವೂ ತಿಳಿಯಬೇಕು. ‘ನಾಂವ್’ ಎಂದರೆ ಇಲ್ಲ. ‘ಫ್ರಾಕ’ ಎಂದರೆ ದುರ್ಬಲ. ‘ಲಾ ಎಂ ಸೀಮ’ ಎಂದರೆ ಅಲ್ಲಿ ಮೇಲುಗಡೆ. ‘ಜನೆಲ’ದ ಬಳಿ ಹೋಗಿ ಎಂದರೆ ಕಿಟಕಿಯ ಬಳಿ. ಮಲಯಾಳದ ‘ಜನಲ್’, ತಮಿಳಿನ ‘ಜನ್ನಲ್’ ಕೇಳಿ ಬೆಳೆದ ಕಾಸರಗೋಡು, ಹೊಸೂರು, ತಾಳವಾಡಿಯ ಮಕ್ಕಳಿಗೆ ಇದು ಹೊಸತೇನಲ್ಲ. ‘ಇಗ್ರೇಜ’ದ ಬಳಿ ಸಿಗುತ್ತದೆ ಎಂದರೆ ಕರಾವಳಿಯ ‘ಇಗರ್ಜಿ’ಯೇ ನೆನಪಾಗುತ್ತದೆ. ಸೋಲಾಪುರದವರ ‘ಚಾವಿ’ಯೂ ಇದೇ ಭಾಷೆಯಿಂದ ಬಂದುದು.

ಕಾನೂನಿನ ಒಂದು ಅಂಶವನ್ನೂ ಅರಿತಿರಬೇಕು. ಐರೋಪ್ಯ ಒಕ್ಕೂಟದೊಳಗೆ 2017ರ ಜೂನ್ 15ರಿಂದ ರೋಮಿಂಗಿನ ಹೆಚ್ಚುವರಿ ಶುಲ್ಕ ರದ್ದಾಗಿದೆ. 2022ರ ನಿಯಮಾವಳಿ ಅದನ್ನು 2032ರವರೆಗೆ ಮುಂದುವರಿಸಿದೆ. ಆದರೆ ಈ ಸೌಲಭ್ಯ ಭಾರತದ ಸಿಮ್‌ಗೆ ಅನ್ವಯಿಸದು. ಅದರ ದರವನ್ನು ಭಾರತದಲ್ಲಿ ಪಡೆದ ಯೋಜನೆಯೇ ನಿರ್ಧರಿಸುತ್ತದೆ. ಅಲ್ಲಿಯೇ ಸಿಮ್ ಕೊಂಡು ಮೋಸಹೋದವರು ಅಂಗಡಿಯಲ್ಲಿ ದೂರು ಪುಸ್ತಕವನ್ನು ಕೇಳಬಹುದು. ಪೋರ್ಚುಗಲ್ ದೇಶದ ಅಂಗಡಿಗಳು ಅದನ್ನು ಇಟ್ಟಿರಬೇಕೆಂಬುದು, ಕೇಳಿದವರಿಗೆ ಕೊಡಬೇಕೆಂಬುದು ಕಾನೂನು.

ತುರ್ತು ಕರೆಗೆ ಆ ದೇಶದಲ್ಲಿ ಸಂಖ್ಯೆ 112. ಗ್ರಾಹಕನ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರಾವುದೇ ಕಂಪನಿಯ ಜಾಲದ ಮೂಲಕ ಈ ಕರೆ ಹೋಗಬಲ್ಲದು. ಯಾವ ಜಾಲವೂ ಇಲ್ಲದೆಡೆ ಮಾತ್ರ ಅದೂ ನಿಷ್ಫಲ. 2017ರ ಜೂನ್ 17ರಂದು ಮಧ್ಯ ಪೋರ್ಚುಗಲ್ ಪ್ರದೇಶದ ಪೆದ್ರೋಗಾಂವ್ ಗ್ರಾಂದ್ ಸುತ್ತಿನಲ್ಲಿ ಕಾಡ್ಗಿಚ್ಚು 66 ಮಂದಿಯನ್ನು ಬಲಿತೆಗೆದುಕೊಂಡಾಗ ಬೆಂಕಿಯು ದೂರವಾಣಿ ತಂತಿಗಳನ್ನೂ ಸುಟ್ಟಿತ್ತು. ರಕ್ಷಣಾ ಪಡೆಗಳ ಸಂಪರ್ಕವೂ ಕೈಕೊಟ್ಟಿತ್ತು. ಸತ್ತವರಲ್ಲಿ ಹಲವರು ತಪ್ಪಿಸಿಕೊಳ್ಳಲು ಹೊರಟು ರಸ್ತೆಯಲ್ಲಿಯೇ ಸಿಲುಕಿದವರು. 2025ರ ಏಪ್ರಿಲ್ 28ರಂದು ದೇಶದ ಮುಖ್ಯಭೂಮಿಯ ವಿದ್ಯುತ್ತು ಹೋದಾಗಲೂ ಮೊಬೈಲ್ ಜಾಲ ಕೆಲವೇ ಗಂಟೆಗಳಲ್ಲಿ ಸೊರಗಿತು.

ಹೀಗಾಗಿ ನಿಂತ ಜಾಗದ ಸಿಗ್ನಲ್ ವಿಚಾರಿಸಿದರೆ ಸಾಲದು, ಮುಂದಿನ ದಾರಿಯದನ್ನೂ ಕೇಳಬೇಕು: ‘ಇ ನು ಕಮೀಞು, ಆ ರೆದ್?’ ‘ದಾರಿಯಲ್ಲಿ ನೆಟ್‌ವರ್ಕ್ ಇದೆಯೇ?’ ಎಂಬುದು ಇದರ ಅರ್ಥ. ಕನ್ನಡದಲ್ಲಿ ಅಪರೂಪವಾದ ‘ಞ’ ಅಕ್ಷರವನ್ನು ಶಾಲೆಯಲ್ಲಿ ಕಲಿತ ಮಗು ಈ ಪದವನ್ನು ತಡೆಯಿಲ್ಲದೆ ನುಡಿಯಬಲ್ಲದು. ‘ನಾಂವ್’ ಎಂಬ ಉತ್ತರ ಬಂದರೆ, ಹೋಗುವ ಜಾಗ ಮತ್ತು ಮರಳುವ ಹೊತ್ತನ್ನು ಹೊರಡುವ ಮುನ್ನವೇ ಮನೆಗೆ ತಿಳಿಸಿರಬೇಕು.