ಒರೆಗಲ್ಲೂ ಅಂಕಿಯೂ: ಕಾರ್ಡಿನ ಪಾವತಿಯಲ್ಲಿ ವಂಚನೆಯ ಪ್ರಶ್ನೆ

ಕ್ರಿ. ಶ. ೧೪೪೩ರಲ್ಲಿ, ಇಮ್ಮಡಿ ದೇವರಾಯನ ಆಳಿಕೆಯಲ್ಲಿ, ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಅಲ್ಲಿಯ ವರಾಹ, ಪ್ರತಾಪ, ಹಣಗಳನ್ನು ವಿವರಿಸಿ, ಕಮ್ಮಟದ ಇದಿರಿಗೆ ನಗರಾಧಿಕಾರಿಯ ಕಚೇರಿಯಿದ್ದಿತೆಂದು ಬರೆದಿಟ್ಟಿದ್ದಾನೆ. ಹೊನ್ನಿನ ನಾಣ್ಯವನ್ನು ತಂದವನು ಯಾರೇ ಆಗಲಿ, ಅದನ್ನು ಪರೀಕ್ಷಿಸಲು ಚಿನಿವಾರನಿಗೆ ಒರೆಗಲ್ಲೂ ತಕ್ಕಡಿಯೂ ಸಾಕು. ಮೋಸವಿದ್ದರೆ ಅದು ಲೋಹದಲ್ಲಿಯೋ ತೂಕದಲ್ಲಿಯೋ ಇರತಕ್ಕುದು.

ಇಂದು ಅದೇ ಹಂಪೆಯನ್ನು ನೋಡಬಯಸುವ ದೂರದೇಶದವನು ಹೊಸಪೇಟೆಯ ವಸತಿಗೃಹದ ಕೋಣೆಯೊಂದನ್ನು ಅಂತರ್ಜಾಲದಲ್ಲಿ ಗೊತ್ತುಮಾಡಿ, ಕಾರ್ಡಿನ ಮೂಲಕ ಹಣವನ್ನು ಸಲ್ಲಿಸುತ್ತಾನೆ. ಇಲ್ಲಿ ಲೋಹವೂ ಇಲ್ಲ, ಮುಖವೂ ಇಲ್ಲ. ಇರುವುದು ಅಂಕಿ ಮಾತ್ರ. ಅಂಕಿಯನ್ನು ಅರಿತವನೇ ಒಡೆಯನಂತೆ ತೋರುತ್ತಾನೆ. ಕಾರ್ಡಿನ ಕೊನೆಯ ಅಂಕಿಯು ಉಳಿದ ಅಂಕಿಗಳಿಂದ ಗಣಿಸಲ್ಪಟ್ಟುದು. ಲೂನ್ ಎಂಬವನು ಕಂಡುಹಿಡಿದ ಈ ಗಣಿತಕ್ರಮವು ಬರೆಯುವವನ ಕೈತಪ್ಪನ್ನು ಹಿಡಿಯುವುದಲ್ಲದೆ ಕಳ್ಳನನ್ನು ಹಿಡಿಯಲಾರದು.

ಆದಕಾರಣ ಎರಡನೆಯ ಸಾಕ್ಷ್ಯವೊಂದು ಬೇಕಾಯಿತು. ಭಾರತೀಯ ರಿಸರ್ವ್ ಬ್ಯಾಂಕು ೨೦೦೯ರ ಆಗಸ್ಟಿನಿಂದ ಇಂತಹ ಪಾವತಿಗಳಿಗೆ ಕಾರ್ಡಿನ ಮೇಲೆ ಕಾಣದ ಮತ್ತೊಂದು ಗುರುತನ್ನು ಕಡ್ಡಾಯಮಾಡಿತು. ಒಂದೇ ಸಲಕ್ಕೆ ಸಲ್ಲುವ ಒಟಿಪಿಯು ಇದರ ಪರಿಚಿತ ರೂಪ. ೨೦೨೨ರ ಅಕ್ಟೋಬರ್ ೧ರಿಂದ ವರ್ತಕರು ಕಾರ್ಡಿನ ಅಂಕಿಗಳನ್ನು ತಮ್ಮಲ್ಲಿ ಕೂಡಿಡಕೂಡದೆಂದೂ, ಅವುಗಳಿಗೆ ಬದಲಾಗಿ ಟೋಕನನ್ನು ಬಳಸಬೇಕೆಂದೂ ವಿಧಿಸಲಾಯಿತು. ಇವುಗಳಿಂದ ಒಂದು ಬಾಗಿಲು ಮುಚ್ಚಿತಾದರೂ ವಂಚನೆ ಮತ್ತೊಂದನ್ನು ಹುಡುಕಿತು. ಸಂಡೂರಿನಲ್ಲಾಗಲಿ ಕಂಪ್ಲಿಯಲ್ಲಾಗಲಿ, ದೂರವಾಣಿಯಲ್ಲಿ ಬ್ಯಾಂಕಿನವನೆಂದು ನಂಬಿಸಿ ಒಟಿಪಿಯನ್ನು ಹೇಳಿಸಿಕೊಂಡವನಿಗೆ ಬೀಗವನ್ನು ಒಡೆಯುವ ಅಗತ್ಯವಿಲ್ಲ. ಕೀಲಿಕೈಯನ್ನು ಮನೆಯವರೇ ಕೊಟ್ಟಿರುತ್ತಾರೆ.

ಹಂಪೆಯ ಸೀಮೆಗೆ ವಿಶೇಷವಾದ ತೊಡಕು ಬೇರೊಂದುಂಟು. ೨೦೦೯ರ ಕಟ್ಟಳೆಯು ಪರದೇಶಗಳಲ್ಲಿ ಕೊಡಲ್ಪಟ್ಟ ಕಾರ್ಡುಗಳಿಗೆ ಅನ್ವಯಿಸಲಿಲ್ಲ. ಅಂತಹ ಕಾರ್ಡು ಕದ್ದದ್ದಾಗಿದ್ದರೆ, ನಿಜವಾದ ಒಡೆಯನು ಕೆಲವು ವಾರಗಳ ಮೇಲೆ ತನ್ನ ಬ್ಯಾಂಕಿಗೆ ದೂರುತ್ತಾನೆ, ಹಣವು ಹಿಂದಿರುಗುತ್ತದೆ. ಎರಡನೆಯ ಸಾಕ್ಷ್ಯವಿಲ್ಲದೆಡೆ ನಷ್ಟವು ಸಾಮಾನ್ಯವಾಗಿ ವರ್ತಕನದೇ. ಇದಕ್ಕಂಜಿ ಅವನು ಪರೀಕ್ಷೆಯನ್ನು ಬಿಗಿಮಾಡೋಣವೆಂದರೆ, ದೂರದೇಶದ ಕಾರ್ಡು, ಅಪರಿಚಿತವಾದ ಊರು, ಮೊದಲನೆಯ ವ್ಯವಹಾರ ಎಂಬ ಇವೇ ಸಂಶಯದ ಲಕ್ಷಣಗಳು. ಹಂಪೆಗೆ ಬರುವ ಪ್ರಾಮಾಣಿಕ ಯಾತ್ರಿಕನ ಲಕ್ಷಣಗಳೂ ಇವೇ! ಬಿಗಿಮಾಡಿದರೆ ಸಜ್ಜನನು ಹಿಂದಿರುಗುವನು. ಸಡಿಲಿಸಿದರೆ ಕಳ್ಳನು ಒಳಹೊಗುವನು.

ಹೀಗಿರಲು ವಂಚನೆಯ ನಿವಾರಣೆ ಕೇವಲ ಯಂತ್ರಶಾಸ್ತ್ರದ ವಿಷಯವಲ್ಲ. ಸಂಶಯಕ್ಕೆ ಪೂರ್ಣ ಪರಿಹಾರವಿಲ್ಲದೆಡೆ ಉಳಿದ ನಷ್ಟವನ್ನು ಯಾರು ಹೊರತಕ್ಕುದೆಂಬ ನ್ಯಾಯನಿರ್ಣಯವೂ ಅದರಲ್ಲಿ ಅಡಗಿದೆ. ಆ ಭಾರವು ಅತ್ಯಂತ ದುರ್ಬಲನಾದ ವರ್ತಕನ ಮೇಲೆಯೇ ಬೀಳುವವರೆಗೆ ಒರೆಯುವ ಕ್ರಮವು ಎಷ್ಟು ಸೂಕ್ಷ್ಮವಾದರೂ ವ್ಯವಹಾರದಲ್ಲಿ ನಂಬಿಕೆ ನೆಲೆಗೊಳ್ಳಲಾರದು.