ಅತ್ತೆಯ ಬಾಟಲಿ, ನಮ್ಮ ಘಟ್ಟದ ಮರ

ಕಳೆದ ವರ್ಷ ಶಿರಸಿಯ ನಮ್ಮ ಸೋದರತ್ತೆ ಚಿಕಿತ್ಸೆಗೆಂದು ಮಣಿಕೊಂಡದ ಮನೆಗೆ ಬಂದು ಉಳಿದಿದ್ದರು. ದೊಡ್ಡ ಕರುಳಿನ ಕ್ಯಾನ್ಸರ್. ಡ್ರಿಪ್ ಹಾಕಿದಾಗ ಬಾಟಲಿಯ ಮೇಲೆ ‘ಇರಿನೊಟೆಕಾನ್’ ಎಂದಿತ್ತು. ಪಕ್ಕದಲ್ಲಿ ಸುಮ್ಮನೆ ಕೂತವನು ಮೊಬೈಲಿನಲ್ಲಿ ಅದರ ಮೂಲ ಹುಡುಕಿದೆ. ಸಿಕ್ಕಿದ್ದು ಕ್ಯಾಂಪ್ಟೊಥೆಸಿನ್. 1966ರಲ್ಲಿ ಅಮೆರಿಕದ ವಾಲ್ ಮತ್ತು ವಾಣಿ ಅದನ್ನು ಚೀನಾದ ಒಂದು ಮರದಲ್ಲಿ ಗುರುತಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತುವನ್ನು ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ ಕಂಡರು. ಇರಿನೊಟೆಕಾನ್ ತಯಾರಾಗುವುದು ಈ ವಸ್ತುವಿನಿಂದಲೇ.

“ಆ ನಾತದ ಮರವೇನೋ ತಮಾ?” ಎಂದು ಅತ್ತೆ ನಕ್ಕರು.

ನಗುವ ವಿಷಯ ಅಷ್ಟಕ್ಕೇ ಮುಗಿಯುತ್ತದೆ. ಕಾಂಡ, ಬೇರುಗಳಿಗಾಗಿ ಈ ಮರವನ್ನು ಕಡಿಯುತ್ತಾರೆ. ಹಾಗಾದರೆ ಜೀನ್ ಎಡಿಟಿಂಗ್‌ನಿಂದ ಒಂದೇ ಮರ ಹೆಚ್ಚು ಮದ್ದು ಕೊಡುವಂತೆ ಮಾಡಬಾರದೇ?

ಈ ತಂತ್ರ ನನ್ನ ಮನೆಯಿಂದ ದೂರದ್ದಲ್ಲ. ಇಲ್ಲೇ ರಾಜೇಂದ್ರನಗರದ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ ಸಾಂಬಾ ಮಸೂರಿಯ ಜೀನ್ ತಿದ್ದಿ ರೂಪಿಸಿದ ‘ಕಮಲಾ’ ತಳಿ 2025ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು. ಕ್ರಿಸ್ಪರ್ ಕತ್ತರಿ ಡಿಎನ್‌ಎಯ ಗೊತ್ತಾದ ಜಾಗದಲ್ಲಿ ಕತ್ತರಿಸುತ್ತದೆ. ಜೀವಕೋಶ ಆ ಗಾಯ ಹೊಲಿಯುವಾಗ ಸಣ್ಣ ಬದಲಾವಣೆ ಉಳಿಯುತ್ತದೆ.

ಸಸ್ಯದ ವಸ್ತುಗಳಿಗೂ ಇದು ಒಗ್ಗಿದೆ. ಮೊಹಾಲಿಯ ವಿಜ್ಞಾನಿಗಳು ಬಾಳೆಯಲ್ಲಿ ಒಂದು ಕವಲುದಾರಿ ಮುಚ್ಚಿದರು, ಬೀಟಾ ಕ್ಯಾರೊಟೀನ್ ಆರು ಪಟ್ಟಿನವರೆಗೆ ಏರಿತು. ಜಪಾನಿನಲ್ಲಿ ಒಂದು ಕಿಣ್ವದ ಬ್ರೇಕ್ ತೆಗೆದ ಟೊಮೆಟೊ 2021ರಿಂದ ಮಾರಾಟದಲ್ಲಿದೆ. ಅದರಲ್ಲಿ ಗಾಬಾ ಎಂಬ ವಸ್ತು ಹೆಚ್ಚು.

ಆದರೆ ಈ ಎರಡರಲ್ಲೂ ಯಾವ ಬಾಗಿಲು ಮುಚ್ಚಬೇಕೆಂದು ಮೊದಲೇ ಗೊತ್ತಿತ್ತು. ಕ್ಯಾಂಪ್ಟೊಥೆಸಿನ್ ದಾರಿ ಉದ್ದ, ಅದರ ಕೊನೆಯ ಮೆಟ್ಟಿಲುಗಳನ್ನು ಇನ್ನೂ ಪೂರ್ತಿ ಬಿಡಿಸಿಲ್ಲ. ಓದಿ ಅರ್ಥವಾಗದ ಕೋಡ್‌ನಲ್ಲಿ ಒಂದು ಸಾಲು ತಿದ್ದಿ ಪ್ರೊಡಕ್ಷನ್‌ಗೆ ಹಾಕಿದರೆ ಏನಾಗುತ್ತದೆಂದು ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲಾಗಿ ಇದು ಮರ. ತಿದ್ದಿದ ಕೋಶದಿಂದ ಗಿಡ ಎಬ್ಬಿಸಿ, ಬೆಳೆಸಿ, ಫಲ ನೋಡಲು ವರ್ಷಗಳೇ ಬೇಕು.

ಉತ್ತರದ ಸುಳಿವು ಕಾಡಿನಲ್ಲೇ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ಘಟ್ಟದ ಉದ್ದಕ್ಕೂ ಈ ಮರಗಳನ್ನು ಅಳೆದರು. ಮದ್ದಿನ ಪ್ರಮಾಣ ಜಾಗದಿಂದ ಜಾಗಕ್ಕೆ, ಮರದಿಂದ ಮರಕ್ಕೆ ಬೇರೆಯಾಗಿತ್ತು. ಹೆಚ್ಚು ಕೊಡುವ ಮರವನ್ನು ಕಡಿಮೆ ಕೊಡುವುದರ ಜೊತೆ ಹೋಲಿಸಿದರೆ ತಾನೇ ಎಲ್ಲಿ ಕತ್ತರಿ ಇಡಬೇಕೆಂದು ತಿಳಿಯುವುದು? ಆ ಒಳ್ಳೆಯ ಮರವನ್ನೇ ಮೊದಲು ಕಡಿದು ಮಾರಿದ್ದರೆ ಯಾವ ಲ್ಯಾಬೂ ಅದನ್ನು ಮರಳಿ ಬರೆದುಕೊಡಲಾರದು.

ಜೀನ್ ಎಡಿಟಿಂಗ್ ಬೇಕು ಎನ್ನುವವನು ನಾನು. ಅದಕ್ಕೇ ಕಾಡು ಮೊದಲು ಉಳಿಯಬೇಕು ಎನ್ನುತ್ತೇನೆ.

ಅತ್ತೆ ಈಗ ಊರಲ್ಲಿದ್ದಾರೆ. ಮುಂದಿನ ಸ್ಕ್ಯಾನ್ ಆಗುವವರೆಗೆ ನಮಗೆಲ್ಲ ಎದೆಯಲ್ಲಿ ಪುಕಪುಕ. ಹೋದ ವಾರ ಫೋನಿನಲ್ಲಿ ಹೇಳಿದರು: “ಸೊಪ್ಪಿನ ಬೆಟ್ಟದಲ್ಲಿ ಆ ಮರ ಎರಡಿವೆ. ಕಡಿಯಬೇಡಿ ಎಂದು ಮಕ್ಕಳಿಗೆ ಹೇಳಿಟ್ಟಿದ್ದೇನೆ.”