ಪ್ರಯೋಗಾಲಯದ ಮೌಖಿಕ ಪರಂಪರೆ: ಕೇಂಬ್ರಿಜ್‌ನ ‘ಕಪಿತ್ಸಾ ಕ್ಲಬ್’

ಜಾನಪದವೆಂದೊಡನೆ ಗ್ರಾಮ, ಬೇಸಾಯ, ಅನಕ್ಷರತೆಗಳನ್ನು ನೆನೆಯುವ ರೂಢಿ ನಮ್ಮ ಅಧ್ಯಯನಗಳಲ್ಲಿ ಬಹುಕಾಲ ಬಲವಾಗಿತ್ತು. ಕನಿಷ್ಠ ಒಂದು ಸಮಾನ ಅಂಶವನ್ನು ಹಂಚಿಕೊಂಡು, ತನ್ನದೆನ್ನುವ ಸಂಪ್ರದಾಯಗಳನ್ನು ಉಳ್ಳ ಯಾವುದೇ ಗುಂಪೂ ‘ಜನಪದ’ವೇ ಎಂದು ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ 1960ರ ದಶಕದಲ್ಲಿ ಪ್ರತಿಪಾದಿಸಿದ ಮೇಲೆ ಈ ಎಲ್ಲೆ ಸಡಿಲಗೊಂಡಿತು. ಬರೆಹ ಹಾಗೂ ಗಣಿತಗಳೇ ಜೀವಾಳವಾದ ಭೌತವಿಜ್ಞಾನದ ಪ್ರಯೋಗಾಲಯದಲ್ಲೂ ಮೌಖಿಕ ಪರಂಪರೆಯೊಂದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ 1919ರಿಂದ ಅರ್ನೆಸ್ಟ್ ರುದರ್‌ಫೋರ್ಡ್ ಮುಖ್ಯಸ್ಥರಾಗಿದ್ದರು. 1921ರಲ್ಲಿ ರಷ್ಯಾದಿಂದ ಅಲ್ಲಿಗೆ ಬಂದ ಪ್ಯೋತರ್ ಕಪಿತ್ಸಾ ಅವರಿಗೆ, ಹಿರಿಯರ ಎದುರು ಬಾಯಿ ತೆರೆಯಲು ಹಿಂಜರಿಯುವ ಅಲ್ಲಿನ ಕಿರಿಯರ ಸ್ವಭಾವ ವಿಚಿತ್ರವಾಗಿ ಕಂಡಿತು. 1922ರಲ್ಲಿ ಅವರು ಆರಂಭಿಸಿದ ಕೂಟವೇ ‘ಕಪಿತ್ಸಾ ಕ್ಲಬ್’. ಮಂಗಳವಾರ ರಾತ್ರಿ ಊಟದ ನಂತರ ಟ್ರಿನಿಟಿ ಕಾಲೇಜಿನ ಕೋಣೆಯೊಂದರಲ್ಲಿ ಸದಸ್ಯರು ಸೇರುತ್ತಿದ್ದರು. ಭಾಷಣಕಾರನ ಕೈಯಲ್ಲಿ ಸೀಮೆಸುಣ್ಣ, ಎದುರಿಗೊಂದು ಕರಿಹಲಗೆ. ಮಾತಿನ ನಡುವೆ ಯಾರಾದರೂ ಪ್ರಶ್ನೆ ಎತ್ತಬಹುದಿತ್ತು. ಕಪಿತ್ಸಾ ಸ್ವತಃ ಬೇಕೆಂದೇ ತಪ್ಪು ಮಾತನಾಡಿ, ಕಿರಿಯರು ತಮ್ಮನ್ನು ತಿದ್ದುವಂತೆ ಪ್ರಚೋದಿಸುತ್ತಿದ್ದರೆಂದು ಸದಸ್ಯರು ನೆನಪಿಸಿಕೊಂಡಿದ್ದಾರೆ.

ನಮ್ಮ ತಾಳಮದ್ದಳೆಯನ್ನು ಬಲ್ಲವರಿಗೆ ಈ ವಿನ್ಯಾಸ ಅಪರಿಚಿತವಲ್ಲ. ಅಲ್ಲಿ ಪದ್ಯ ನಿಶ್ಚಿತ, ಅರ್ಥ ಆಶುವಾದದ್ದು. ಎದುರಾಳಿಯ ಪ್ರಶ್ನೆಯೇ ಅರ್ಥಧಾರಿಯ ಮಾತನ್ನು ಬೆಳೆಸುತ್ತದೆ. ಇಲ್ಲಿಯೂ ಪ್ರಯೋಗದ ಫಲಿತಾಂಶ ಸಿದ್ಧವಾಗಿರುತ್ತದೆ. ಅದರ ಅರ್ಥ ಮಾತ್ರ ಕೂಟದಲ್ಲಿ ರೂಪುಗೊಳ್ಳುತ್ತದೆ.

ಬರೆಹಕ್ಕೂ ಮಾತಿಗೂ ಇರುವ ಅಂತರವನ್ನು 1932ರ ಫೆಬ್ರವರಿಯ ಪ್ರಸಂಗ ತೋರಿಸುತ್ತದೆ. ನ್ಯೂಟ್ರಾನ್ ಕುರಿತ ಜೇಮ್ಸ್ ಚಾಡ್ವಿಕ್ ಅವರ ಪತ್ರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆಯೇ ನ್ಯೂಟ್ರಾನಿನ ಅಸ್ತಿತ್ವವನ್ನು ‘ಸಂಭವನೀಯ’ ಎಂದಷ್ಟೇ ಹೇಳುತ್ತದೆ. ಅದೇ ತಿಂಗಳು ಕ್ಲಬ್ಬಿನಲ್ಲಿ ಆ ವಿಷಯವಾಗಿ ಮಾತನಾಡಿದ ಚಾಡ್ವಿಕ್, ಕೊನೆಗೆ ತಮಗೆ ಕ್ಲೋರೋಫಾರ್ಮ್ ಕೊಟ್ಟು ಎರಡು ವಾರ ಮಲಗಿಸಿಬಿಡಬೇಕು ಎಂದರೆಂಬುದು ಸಿ. ಪಿ. ಸ್ನೋ ಅವರ ನೆನಪು. ದಿನಗಟ್ಟಲೆ ನಿದ್ದೆಗೆಟ್ಟು ದುಡಿದ ಮನುಷ್ಯನ ದಣಿವಿಗೆ ಪತ್ರಿಕೆಯಲ್ಲಿ ಸ್ಥಳವಿಲ್ಲ. ಅದು ಉಳಿದದ್ದು ಕೇಳಿದವರ ನೆನಪಿನಲ್ಲಿ.

ಆದರೆ ಹೀಗೆ ಉಳಿದದ್ದು ಅತ್ಯಲ್ಪ. ಕ್ಲಬ್ಬಿನ ನಡಾವಳಿ ಪುಸ್ತಕ ದಾಖಲಿಸುವುದು ಮುಖ್ಯವಾಗಿ ದಿನಾಂಕ, ಹೆಸರು, ವಿಷಯಗಳನ್ನು. 1925ರ ಜುಲೈ 28ರಂದು ವೆರ್ನರ್ ಹೈಸನ್‌ಬರ್ಗ್ ಅಲ್ಲಿ ಮಾತನಾಡಿದರು. ರೋಹಿತರೇಖೆಗಳ ವರ್ಗೀಕರಣವನ್ನು ‘ಪ್ರಾಣಿಶಾಸ್ತ್ರ’, ‘ಸಸ್ಯಶಾಸ್ತ್ರ’ಗಳಿಗೆ ಹೋಲಿಸಿ ನಗೆಯಾಡುವ ಶೀರ್ಷಿಕೆ ಅದರದು. ಕ್ವಾಂಟಂ ಬಲವಿಜ್ಞಾನದ ಮೂಲಲೇಖನವನ್ನು ಅವರು ಆಗಷ್ಟೇ ಮುಗಿಸಿದ್ದರು. ಅದರ ಅಚ್ಚಿನ ಕರಡು ಮುಂದೆ ರಾಲ್ಫ್ ಫೌಲರ್ ಅವರ ಮೂಲಕ ಪಾಲ್ ಡಿರಾಕ್ ಅವರ ಕೈಸೇರಿ, ಹೊಸ ಗಣಿತಕ್ಕೆ ದಾರಿಯಾಯಿತು. ಆ ರಾತ್ರಿ ಯಾರು ಏನು ಕೇಳಿದರು ಎಂಬುದನ್ನು ಶೀರ್ಷಿಕೆಯೊಂದರಿಂದ ತಿಳಿಯಲಾಗದು.

ಇಂತಹ ಗುಂಪಿನಲ್ಲಿ ಐತಿಹ್ಯಗಳೂ ಹುಟ್ಟುತ್ತವೆ. ಕಪಿತ್ಸಾ ರುದರ್‌ಫೋರ್ಡರಿಗೆ ‘ಮೊಸಳೆ’ ಎಂಬ ಅಡ್ಡಹೆಸರು ಇಟ್ಟಿದ್ದರು. 1933ರಲ್ಲಿ ಉದ್ಘಾಟನೆಯಾದ ಮಾಂಡ್ ಪ್ರಯೋಗಾಲಯದ ಗೋಡೆಯ ಮೇಲೆ ಶಿಲ್ಪಿ ಎರಿಕ್ ಗಿಲ್ ಕೆತ್ತಿದ ಮೊಸಳೆ ಇಂದಿಗೂ ಇದೆ. ಹೆಸರಿನ ಕಾರಣಕ್ಕೆ ಮಾತ್ರ ಹಲವು ಪಾಠಾಂತರಗಳಿವೆ: ವಿಜ್ಞಾನದಂತೆ ಹಿಂದಿರುಗಿ ನೋಡದೆ ಮುನ್ನುಗ್ಗುವ ಪ್ರಾಣಿ ಎಂಬುದೊಂದು, ‘ಪೀಟರ್ ಪ್ಯಾನ್’ ಕಥೆಯ ಮೊಸಳೆಯಂತೆ ಬರುವ ಮೊದಲೇ ಅವರ ಸದ್ದು ಕೇಳಿಸುತ್ತಿತ್ತು ಎಂಬುದು ಇನ್ನೊಂದು, ಗುರುಗಳು ಎಲ್ಲಿ ತಲೆ ಕಚ್ಚುವರೋ ಎಂಬ ಶಿಷ್ಯನ ಭಯ ಮತ್ತೊಂದು. ಜಾನಪದ ವಿದ್ವಾಂಸನಿಗೆ ಇವುಗಳಲ್ಲಿ ನಿಜ ಯಾವುದೆಂಬುದಕ್ಕಿಂತ, ಮೂರೂ ಗುರುಶಿಷ್ಯರ ನಡುವಣ ಭಯಭಕ್ತಿಯನ್ನೇ ಹೇಳುತ್ತವೆಂಬುದು ಮುಖ್ಯ.

ಅನೌಪಚಾರಿಕತೆಗೂ ಹೊಸ್ತಿಲಿತ್ತೆಂಬುದನ್ನು ಮರೆಯಬಾರದು. ಸದಸ್ಯತ್ವ ಆಯ್ಕೆಯಾದ ಕೆಲವರಿಗೆ ಮೀಸಲು. ಮುಕ್ತವಾದ ಮಾತು ಒಳಗಿದ್ದವರಿಗೆ ಮಾತ್ರ ಮುಕ್ತ.

1934ರಲ್ಲಿ ತಾಯ್ನಾಡಿಗೆ ಹೋದ ಕಪಿತ್ಸಾ ಅವರಿಗೆ ಸೋವಿಯತ್ ಸರ್ಕಾರ ಮರಳಲು ಅನುಮತಿ ನೀಡಲಿಲ್ಲ. ಸ್ಥಾಪಕನಿಲ್ಲದೆಯೂ ಕ್ಲಬ್ ಮುಂದುವರಿಯಿತು. ಅವರು ಮಾಸ್ಕೋದ ತಮ್ಮ ಸಂಸ್ಥೆಯಲ್ಲಿಯೂ ಇಂತಹದೇ ಕೂಟವನ್ನು ನಡೆಸಿದರು. 1966ರಲ್ಲಿ ಅವರು ಕೇಂಬ್ರಿಜ್‌ಗೆ ಬಂದಾಗ ಹಳೆಯ ಕ್ಲಬ್ ಮತ್ತೆ ಸೇರಿತು. ವ್ಯಕ್ತಿಯನ್ನು ಮೀರಿ ರೂಪವೊಂದು ಪ್ರಸಾರವಾಗುವುದು ಪರಂಪರೆಯ ಮುಖ್ಯ ಲಕ್ಷಣ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ, ರಾಮನ್ ಸಂಶೋಧನಾ ಸಂಸ್ಥೆ 1948ರಲ್ಲಿ ಆರಂಭವಾದವು. ಇಂತಹ ಸಂಸ್ಥೆಗಳ ಪ್ರಬಂಧಗಳು ಗ್ರಂಥಾಲಯಗಳಲ್ಲಿ ಸುರಕ್ಷಿತವಾಗಿರುತ್ತವೆ. ಚಹಾದ ಹೊತ್ತಿನ ಚರ್ಚೆ, ಅಡ್ಡಹೆಸರು, ಐತಿಹ್ಯಗಳು ಬಲ್ಲವರೊಂದಿಗೇ ಮರೆಯಾಗುತ್ತವೆ. ಜನಪದ ಗಾಯಕರನ್ನು ಹುಡುಕಿಕೊಂಡು ಹೋಗುವ ಶ್ರದ್ಧೆಯಿಂದಲೇ ಹಿರಿಯ ವಿಜ್ಞಾನಿಗಳ, ಉಪಕರಣ ತಯಾರಕರ, ಸಹಾಯಕರ ನೆನಪುಗಳನ್ನೂ ಧ್ವನಿಮುದ್ರಿಸಿಕೊಳ್ಳುವುದು ನಮ್ಮ ಕ್ಷೇತ್ರಕಾರ್ಯದ ಭಾಗವಾಗಬೇಕು.